ಕಾರು ನಿಂತ ದಿನ ತೀರ್ಮಾನ ಮಾಡಬೇಡ

ಕಾರು ರಸ್ತೆಯಲ್ಲಿ ನಿಂತುಹೋದ ದಿನ ಅದನ್ನು ಮಾರುವ ಮಾತು ಆಡಬೇಡ. ಸರ್ವೀಸ್ ಆಗಿ, ತೊಳೆಸಿಕೊಂಡು, ಎಂಜಿನ್ ಸದ್ದೇ ಕೇಳದ ಹಾಗೆ ಓಡುತ್ತಿರುವ ದಿನ ಇಟ್ಟುಕೊಳ್ಳುವ ಮಾತನ್ನೂ ಆಡಬೇಡ. ಒಂದು ದಿನ ಸಿಟ್ಟು ಮಾತಾಡುತ್ತದೆ, ಇನ್ನೊಂದು ದಿನ ಮೋಹ. ಮೊನ್ನೆ ಯಡಿಯೂರಿನ ಹತ್ತಿರ ಕಾರು ಕೆಟ್ಟು, ಸೊಸೆಯನ್ನೂ ಕೂಸನ್ನೂ ಹೋಟೆಲಿನಲ್ಲಿ ಕೂರಿಸಿ, ಟೋಯಿಂಗ್ ಗಾಡಿ ಕಾಯುತ್ತಾ ನೀನು ಫೋನ್ ಮಾಡಿ "ದೊಡ್ಡಪ್ಪ, ಸಾಕಾಯ್ತು, ಈ ಡಬ್ಬಾನ ಗುಜರಿಗೆ ಹಾಕಿ ಭಾನುವಾರವೇ ಶೋರೂಮಿಗೆ ಹೋಗ್ತೀನಿ" ಅಂದೆ. ನಾನು ಹೂಂ ಅಂದು ಸುಮ್ಮನಾದದ್ದು ಒಪ್ಪಿಗೆಯಿಂದಲ್ಲ. ಸಿಟ್ಟಿನಲ್ಲಿರುವವನ ಹತ್ತಿರ ಲೆಕ್ಕ ಮಾತಾಡಿ ಉಪಯೋಗವಿಲ್ಲ ಅಂತ. ಈಗ ವಾರ ಕಳೆದಿದೆ, ಕಾರು ರಿಪೇರಿಯಾಗಿ ಮನೆ ಸೇರಿದೆ. ಈಗ ಹೇಳುತ್ತೇನೆ, ಕೇಳು.

ನಾನು ಕೆಎಸ್‌ಆರ್‌ಟಿಸಿ ಡಿಪೊದ ವರ್ಕ್‌ಶಾಪಿನಲ್ಲಿ ಕೂದಲು ಹಣ್ಣು ಮಾಡಿಕೊಂಡವನು. ಅಲ್ಲಿ ಗಾಡಿಗೆ ವಯಸ್ಸೆಷ್ಟು ಅಂತ ಮೊದಲು ಕೇಳುತ್ತಿರಲಿಲ್ಲ. ಹತ್ತು ಸಾವಿರ ಕಿಲೋಮೀಟರಿಗೆ ಎಷ್ಟು ಸಲ ದಾರಿಯಲ್ಲಿ ನಿಂತಿತು ಅನ್ನುವುದು ಮೊದಲ ಪ್ರಶ್ನೆ. ದೇಶದ ಸಾರಿಗೆ ಸಂಸ್ಥೆಗಳು ಬ್ರೇಕ್‌ಡೌನನ್ನು ಅಳೆಯುವುದು ಹಾಗೆಯೇ. ಚೆನ್ನಾಗಿ ನೋಡಿಕೊಂಡ ಹಳೇ ಬಸ್ಸು ಧರ್ಮಸ್ಥಳಕ್ಕೆ ಹೋಗಿ ಬಂದು ಏನೂ ಆಗದಂತೆ ನಿಂತಿರುತ್ತಿತ್ತು. ಅದರ ಪಕ್ಕದ ಹೊಸ ಬಸ್ಸೊಂದು ತಿಂಗಳಿಗೊಮ್ಮೆ ಟ್ರಿಪ್ ಕ್ಯಾನ್ಸಲ್ ಮಾಡಿಸುತ್ತಿತ್ತು. ಹಾಗಾಗಿ "ಹದಿನೇಳು ವರ್ಷ ಆಯ್ತಲ್ಲ" ಅನ್ನುವ ನಿನ್ನ ಮಾತು ನನ್ನ ಕಿವಿಗೆ ಕಾರಣವಾಗಿ ಕೇಳುವುದಿಲ್ಲ. 2008ರ ಕಾರು ಅನ್ನುವುದು ಅದರ ಜಾತಕ, ಆರೋಗ್ಯ ಬೇರೆ.

ಒಂದು ನೋಟ್‌ಬುಕ್ ತಗೋ. ಎರಡು ವರ್ಷದಲ್ಲಿ ಆ ಕಾರಿಗೆ ಸುರಿದ ದುಡ್ಡನ್ನೆಲ್ಲ ಬರೆ. ಬಿಲ್ಲು ಕಳೆದಿದ್ದರೆ ಫೋನ್‌ಪೇ ಹಿಸ್ಟರಿ ಇದೆಯಲ್ಲ, ಅದು ಮರೆಯುವುದಿಲ್ಲ. ಬರೆದಾದ ಮೇಲೆ ಯಾವ ಕಾರಾದರೂ ತಿನ್ನುವುದನ್ನೆಲ್ಲ ಹೊಡೆದುಹಾಕು. ಎಂಜಿನ್ ಆಯಿಲ್, ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ವೈಪರ್, ಇನ್ಶೂರೆನ್ಸ್. ಬ್ಯಾಟರಿ ಸತ್ತಿದ್ದಕ್ಕೆ ಕಾರಿನ ಮೇಲೆ ಕೋಪ ಮಾಡಿಕೊಳ್ಳುವವರನ್ನು ನಾನು ತುಂಬ ಜನ ನೋಡಿದ್ದೇನೆ. ಹೊಸ ಕಾರಿನ ಬ್ಯಾಟರಿಯೂ ಮೂರು-ನಾಲ್ಕು ವರ್ಷಕ್ಕೆ ಸಾಯುತ್ತದೆ.

ಉಳಿದದ್ದರಲ್ಲಿ, ಒಮ್ಮೆ ಮಾಡಿಸಿದರೆ ವರ್ಷಗಟ್ಟಲೆ ತಿರುಗಿ ನೋಡಬೇಕಾಗಿಲ್ಲದ ಕೆಲಸಗಳನ್ನು ಬೇರೆ ಮಾಡು. ಕ್ಲಚ್ ಸೆಟ್, ರೇಡಿಯೇಟರ್, ಶಾಕ್ ಅಬ್ಸಾರ್ಬರ್, ಲೋಯರ್ ಆರ್ಮ್, ಟೈಮಿಂಗ್ ಬೆಲ್ಟ್ ಇವೆಲ್ಲ ಸವೆತ. ಸವೆತ ಮುಂಚೆಯೇ ಹೇಳಿ ಬರುತ್ತದೆ. ಕ್ಲಚ್ ಮೇಲಕ್ಕೆ ಏರುತ್ತದೆ, ಹಳ್ಳ ಬಿದ್ದಲ್ಲಿ ಲೊಡಲೊಡ ಅನ್ನುತ್ತದೆ, ಟೆಂಪರೇಚರ್ ಮುಳ್ಳು ದಿನಾ ನಿಲ್ಲುವ ಜಾಗದಿಂದ ಒಂದು ಗೆರೆ ಮೇಲೆ ನಿಲ್ಲುತ್ತದೆ. ಕೇಳುವ ಕಿವಿ ಇದ್ದರೆ ಇವುಗಳಿಂದ ಯಾರೂ ರಸ್ತೆಯಲ್ಲಿ ನಿಲ್ಲಬೇಕಾಗಿಲ್ಲ. ಟೈಮಿಂಗ್ ಬೆಲ್ಟ್ ಒಂದು ಮಾತ್ರ ಹೇಳದೆ ಕೇಳದೆ ಹರಿಯುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಅದು ಹರಿದರೆ ಪಿಸ್ಟನ್ನು ವಾಲ್ವಿಗೆ ಬಡಿದು ವಾಲ್ವ್ ಬಾಗಿಹೋಗುತ್ತದೆ, ಸಾವಿರಗಳಲ್ಲಿ ಮುಗಿಯಬೇಕಾದದ್ದು ಎಂಜಿನ್ ಬಿಚ್ಚುವ ಮಟ್ಟಕ್ಕೆ ಹೋಗುತ್ತದೆ. ಬೆಲ್ಟಿನ ಎಂಜಿನ್ನೋ ಚೈನಿನದೋ ಅಂತ ಕಾರಿನ ಕೈಪಿಡಿಯಲ್ಲಿ ನೋಡು. ಬೆಲ್ಟಿನದಾದರೆ ಅದನ್ನು ಕಿಲೋಮೀಟರ್ ಲೆಕ್ಕದಲ್ಲೇ ಬದಲಾಯಿಸಬೇಕು, "ಇನ್ನೂ ಚೆನ್ನಾಗಿದೆ ಸಾರ್" ಅನ್ನುವ ಮಾತು ಕೇಳಿ ಮುಂದೂಡಬಾರದು.

ಇನ್ನುಳಿದದ್ದು ಮೂರನೇ ಗುಂಪು. ಅದೇ ತೊಂದರೆ ಮತ್ತೆ ಮತ್ತೆ ಬರುವುದು, ಇಲ್ಲವೇ ಯಾರ ಕೈಗೂ ಸಿಗದೆ ಇರುವುದು. ಕಾರು ಕೊಡುವುದೋ ಇಟ್ಟುಕೊಳ್ಳುವುದೋ ಅನ್ನುವ ಲೆಕ್ಕದಲ್ಲಿ ಈ ಗುಂಪಿಗೆ ಮಾತ್ರ ಬೆಲೆ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಕಪ್ಪು ಹೊಗೆ ಅಷ್ಟು ಭಯದ್ದಲ್ಲ, ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಅಷ್ಟೇ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಕೂಲೆಂಟ್ ಸೋರಿದ ಗುರುತು ಎಲ್ಲೂ ಇಲ್ಲದೆ ಕಡಿಮೆಯಾಗುತ್ತಿದ್ದರೆ, ಆಯಿಲ್ ಮುಚ್ಚಳದ ಒಳಗೆ ಬೆಳ್ಳನೆ ನೊರೆ ಕಟ್ಟಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಬೇಕು. ಆ ವಯಸ್ಸಿನ ಕಾರಿಗೆ ಎಂಜಿನ್ ಬೋರ್ ಮಾಡಿಸು ಅಂತ ಯಾರಾದರೂ ಅಂದರೆ ನಾನು ಬೇಡ ಅನ್ನುತ್ತೇನೆ. ತುಕ್ಕಿಗೂ ಇದೇ ಮಾತು. ಬಾಗಿಲಂಚಿನ ತುಕ್ಕು ನೋಡಲು ಅಸಹ್ಯ, ಅಪಾಯವಿಲ್ಲ. ಸಸ್ಪೆನ್ಷನ್ ಕೂರುವ ಜಾಗದಲ್ಲಿ, ಕೆಳಗಿನ ಚೌಕಟ್ಟಿನಲ್ಲಿ ತುಕ್ಕು ತಿಂದಿದ್ದರೆ ವೆಲ್ಡಿಂಗ್ ತೇಪೆಯನ್ನು ನಂಬಿ ಮಕ್ಕಳನ್ನು ಕೂರಿಸಬೇಡ. ಕರಾವಳಿಯ ಉಪ್ಪುಗಾಳಿ, ಮಳೆ ಎರಡನ್ನೂ ವರ್ಷಾನುಗಟ್ಟಲೆ ತಿಂದ ಗಾಡಿಗಳನ್ನು ರ‍್ಯಾಂಪಿಗೆ ಹತ್ತಿಸಿ ನೋಡಿದವನಿಗೆ ಆ ಭಯ ಗೊತ್ತು. ನಿನ್ನ ಮಾವನ ಮನೆ ಸುರತ್ಕಲ್ಲಿನಲ್ಲಿದ್ದರೂ ಕಾರು ಬದುಕಿದ್ದು ಬೆಂಗಳೂರಿನಲ್ಲಿ, ಆ ಮಟ್ಟಿಗೆ ನೀನು ಪಾರು.

ನಿನ್ನ ಕಾರಿನ ರೋಗ ಈ ಮೂರನೇ ಗುಂಪಿನದೇ. ಒಬ್ಬರು ಫ್ಯೂಯಲ್ ಪಂಪ್ ಅಂದರು, ಹಾಕಿಸಿದೆ. ಇನ್ನೊಬ್ಬರು ಇಗ್ನಿಷನ್ ಕಾಯಿಲ್ ಅಂದರು, ಅದನ್ನೂ ಹಾಕಿಸಿದೆ. ಬಿಸಿಯಾದಾಗ ಆಫ್ ಆಗಿ, ಆರಿದ ಮೇಲೆ ತಾನಾಗಿ ಸ್ಟಾರ್ಟ್ ಆಗುವ ಕಾರು ನೋಡಿದರೆ ನನಗೆ ಮೊದಲು ಕ್ರ್ಯಾಂಕ್ ಸೆನ್ಸರ್ ನೆನಪಾಗುತ್ತದೆ. ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ತಣ್ಣಗಿರುವಾಗ ಅಲ್ಲ, ಓಡಿಸಿ ಬಿಸಿ ಮಾಡಿಕೊಂಡು ಹೋಗಿ ಸ್ಕ್ಯಾನರ್ ಹಾಕಿಸು. ಊಹೆಯ ಮೇಲೆ ಪಾರ್ಟು ಬದಲಾಯಿಸುವ ಗ್ಯಾರೇಜನ್ನು ಬಿಡು. ಕೆಲವು ಸಲ ಬದಲಾಯಿಸಬೇಕಾಗಿರುವುದು ಕಾರನ್ನಲ್ಲ, ಗ್ಯಾರೇಜನ್ನು. ಬಿಚ್ಚಿದ ಹಳೇ ಪಾರ್ಟನ್ನು ಕೈಗೆ ಕೊಡಿ ಅಂತ ಕೇಳುವ ಅಭ್ಯಾಸ ಮಾಡಿಕೋ. ಕೊಡಲು ಹಿಂದೆಮುಂದೆ ನೋಡುವವರ ಬಿಲ್ಲನ್ನು ಎರಡು ಸಲ ಓದು. ಜೆ.ಸಿ. ರೋಡಿನಲ್ಲಿ ಒಂದೇ ಪಾರ್ಟು ಮೂರು ರೇಟಿಗೆ ಸಿಗುತ್ತದೆ ಅನ್ನುವುದು ನಿನಗೂ ಗೊತ್ತು. ನಿನಗೆ ಬಿದ್ದದ್ದು ಯಾವ ರೇಟಿನದು ಅಂತ ಕೇಳಿದ್ದೀಯಾ?

ದುಡ್ಡಿನ ಮಾತಿಗೆ ಬರೋಣ. ಕ್ಲಚ್, ಸಸ್ಪೆನ್ಷನ್, ಸ್ಟೀರಿಂಗ್ ಕೆಲಸ ಎಲ್ಲ ಸೇರಿ 70,000 ರೂಪಾಯಿ ಅಂತ ಬರೆದುಕೊಟ್ಟಿದ್ದಾರೆ, ಕಾರು ಮಾರಿದರೆ 60,000 ಬಂದರೆ ಹೆಚ್ಚು. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಅಂತ ನಿನ್ನಪ್ಪನೂ ಹೇಳಿದನಂತೆ. ಕೇಳಲು ಸರಿ ಅನ್ನಿಸುತ್ತದೆ, ಆದರೆ ಆ ತಕ್ಕಡಿಯೇ ತಪ್ಪು. 60,000 ಅನ್ನುವುದು ಬೇರೆಯವರು ಅದಕ್ಕೆ ಕೊಡುವ ಬೆಲೆ. ನಿನಗೆ ಅದರ ಬೆಲೆ, ಅದು ಮಾಡುವ ಕೆಲಸವನ್ನು ಬೇರೆ ಕಾರಿನಿಂದ ಮಾಡಿಸಲು ಎಷ್ಟು ಕೊಡಬೇಕು ಅನ್ನುವುದು. ಶೇ 9 ಬಡ್ಡಿಗೆ ಆರು ಲಕ್ಷ ಸಾಲ, ಐದು ವರ್ಷ: ಕಂತು ಸುಮಾರು 12,450 ರೂಪಾಯಿ. ನೀನು ಹೆದರುತ್ತಿರುವ ಆ 70,000 ಆರು ತಿಂಗಳ ಕಂತಿನಷ್ಟೂ ಇಲ್ಲ. ಐದು ವರ್ಷಕ್ಕೆ ಬಡ್ಡಿಯೇ ಒಂದೂವರೆ ಲಕ್ಷದ ಹತ್ತಿರ ಬರುತ್ತದೆ. ಕಂತು ಕಡಿಮೆಯಾಗಲಿ ಅಂತ ಏಳು ವರ್ಷಕ್ಕೆ ಎಳೆದರೆ ತಿಂಗಳಿಗೆ 9,650ಕ್ಕೆ ಇಳಿಯುತ್ತದೆ, ಬಡ್ಡಿ ಎರಡು ಲಕ್ಷ ದಾಟುತ್ತದೆ. ಸೇಲ್ಸ್‌ನವರು ನಿನಗೆ ಏಳು ವರ್ಷದ ಕಂತನ್ನೇ ತೋರಿಸುತ್ತಾರೆ, ನೋಡುತ್ತಿರು.

ಅದರ ಮೇಲೆ ಐದರಿಂದ ಹತ್ತು ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ಶೇ 14ರ ಆಜೀವ ತೆರಿಗೆ, ತೆರಿಗೆಯ ಮೇಲೆ ಸೆಸ್ಸು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸನ್ನು ಒಟ್ಟಿಗೇ ಕಟ್ಟಬೇಕು. ಇಷ್ಟೆಲ್ಲ ಕೊಟ್ಟು ತಂದ ಕಾರಿಗೆ ಇನ್ಶೂರೆನ್ಸ್ ಕಂಪನಿಯವರ ಕೋಷ್ಟಕ ಏನು ಬೆಲೆ ಕಟ್ಟುತ್ತದೆ ಗೊತ್ತೇ? ವರ್ಷ ತುಂಬಿದರೆ ಶೇ 20 ಕಡಿತ, ಐದನೇ ವರ್ಷದಲ್ಲಿ ಅರ್ಧ. ಅದೂ ಶೋರೂಮ್ ಬೆಲೆಯ ಅರ್ಧ, ನೀನು ಕಟ್ಟಿದ ತೆರಿಗೆ ಅದರಲ್ಲಿ ಸೇರಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದದ್ದು ನಿಜ, ಬೆಲೆ ಇಳಿದದ್ದೂ ನಿಜ. ಆದರೂ ಬರೀ ದುಡ್ಡಿನ ಲೆಕ್ಕದಲ್ಲಿ ಹಳೇ ಕಾರೇ ಗೆಲ್ಲುತ್ತದೆ. ಹಳೇದನ್ನು ಮಾರಿ ಹೊಸದು ತಗೊಂಡರೆ ಉಳಿತಾಯ ಅಂತ ಹೇಳುವವರು ಸಾಮಾನ್ಯವಾಗಿ ಹೊಸದನ್ನು ಮಾರುವವರೇ ಆಗಿರುತ್ತಾರೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಮಾತು. "ಈಗಷ್ಟೇ ಪಂಪಿಗೆ ಅಷ್ಟು ಹಾಕಿದ್ದೀನಿ, ಈಗ ಹೇಗೆ ಕೊಡಲಿ" ಅಂತ ಯೋಚಿಸಬೇಡ. ಹಾಕಿದ್ದು ಹೋಯಿತು. ಇಟ್ಟುಕೊಂಡರೂ ಬರುವುದಿಲ್ಲ, ಮಾರಿದರೂ ಬರುವುದಿಲ್ಲ. ಮುಂದಿನ ಎರಡು ವರ್ಷಕ್ಕೆ ಏನು ಹಾಕಬೇಕು ಅನ್ನುವುದನ್ನು ಮಾತ್ರ ನೋಡು.

ಇಷ್ಟು ಹೇಳಿದ ಮೇಲೆ ದೊಡ್ಡಪ್ಪ ಹಳೇ ಕಾರನ್ನೇ ಇಟ್ಟುಕೋ ಅನ್ನುತ್ತಾನೆ ಅಂದುಕೊಂಡಿರುತ್ತೀಯ. ನೀನು ಜಯನಗರದಿಂದ ಆಫೀಸಿಗೆ, ಆಫೀಸಿನಿಂದ ತರಕಾರಿ ಅಂಗಡಿಗೆ ಮಾತ್ರ ಓಡಿಸುವವನಾಗಿದ್ದರೆ ಹಾಗೇ ಅನ್ನುತ್ತಿದ್ದೆ. ಊರೊಳಗೆ ನಿಂತರೆ ಆಟೊ ಹಿಡಿದು ಮನೆಗೆ ಹೋಗು, ಮೆಕ್ಯಾನಿಕ್ಕಿಗೆ ಬೀಗದ ಕೈ ಕೊಡು, ಮುಗಿಯಿತು. ಆದರೆ ನೀನು ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಸುರತ್ಕಲ್ಲಿಗೆ ಹೋಗುವವನು, ಕೂಸಿಗೆ ಇನ್ನೂ ಎರಡು ತುಂಬಿಲ್ಲ. ಜುಲೈ ತಿಂಗಳ ಮಳೆ, ರಾತ್ರಿ, ಹಿಂದೆ ಟ್ಯಾಂಕರ್ ಲಾರಿಗಳ ಸಾಲು, ರಸ್ತೆ ಬದಿಯಲ್ಲಿ ನಿಲ್ಲಿಸಲು ಜಾಗವಿಲ್ಲದ ತಿರುವು. ಅಲ್ಲಿ ಎಂಜಿನ್ ಆಫ್ ಆದರೆ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಎರಡು-ಮೂರು ಸಲ ಒತ್ತಿದ ಮೇಲೆ ಬ್ರೇಕಿಗೂ ಕಾಲಿನ ಪೂರ್ತಿ ಬಲ ಬೇಕು. ಕಾರಿನ ಖರ್ಚು ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿ ಕೈಕೊಡುತ್ತದೆ ಅನ್ನುವುದು ದೊಡ್ಡದು ಕಣಪ್ಪ.

ರಿಪೇರಿಯಿಂದ ಆಗದ ಒಂದು ಕೆಲಸವೂ ಇದೆ. ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಬ್ರೇಕ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಚಾಲಕನಿಗೆ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಿಂದ. ಪಕ್ಕದ ಸೀಟಿನವರಿಗೂ ಏರ್‌ಬ್ಯಾಗ್ ಇರಲೇಬೇಕು ಅನ್ನುವ ನಿಯಮ ಎಲ್ಲ ಮಾಡೆಲ್‌ಗಳನ್ನು ಮುಟ್ಟುವಾಗ 2021 ಮುಗಿದಿತ್ತು. ನಿನ್ನ 2008ರ ಕಾರಿನಲ್ಲಿ ಇದ್ಯಾವುದೂ ಇಲ್ಲ. ಕ್ಲಚ್ಚು ಹೊಸದು ಹಾಕಬಹುದು, ಸೆನ್ಸರ್ ಹೊಸದು ಹಾಕಬಹುದು, ಏರ್‌ಬ್ಯಾಗನ್ನು ಯಾವ ಗ್ಯಾರೇಜಿನವನೂ ತಂದು ಕೂರಿಸಲಾರ. ನಿನ್ನಪ್ಪನ ಕಾಲದಲ್ಲಿ ನಮಗೆ ಬೇರೆ ದಾರಿ ಇರಲಿಲ್ಲ, ಇದ್ದದ್ದರಲ್ಲೇ ದೇವರ ಮೇಲೆ ಭಾರ ಹಾಕಿ ಓಡಿಸಿದೆವು. ನಿನಗೆ ದಾರಿ ಇದೆ.

ಇನ್ನೊಂದು ವಿಷಯ ಗಮನಿಸಿದ್ದೇನೆ, ಹೇಳಿದರೆ ಬೇಜಾರು ಮಾಡಿಕೋಬೇಡ. ಯುಗಾದಿಗೆ ಊರಿಗೆ ಬಸ್ಸಿನಲ್ಲಿ ಬಂದೆ. ಸೊಸೆಯ ತಂಗಿಯ ಮದುವೆಗೆ ಟ್ಯಾಕ್ಸಿ ಮಾಡಿಕೊಂಡು ಹೋದೆ. ಎರಡು ಸಲವೂ ಕಾರು ಅಪಾರ್ಟ್‌ಮೆಂಟಿನ ಕೆಳಗೆ ನಿಂತೇ ಇತ್ತು. ಯಾವತ್ತು ನಿಜವಾಗಿ ಕಾರು ಬೇಕೋ ಅವತ್ತೇ ಅದನ್ನು ಹೊರಗೆ ತೆಗೆಯಲು ಧೈರ್ಯವಾಗದಿದ್ದರೆ, ಇನ್ಶೂರೆನ್ಸು, ಪಾರ್ಕಿಂಗು, ರಿಪೇರಿ ಎಲ್ಲ ಕಟ್ಟುತ್ತಿರುವುದು ಯಾತಕ್ಕೆ? ಮನಸ್ಸಿನಲ್ಲಿ ಆ ಕಾರನ್ನು ನೀನು ಯುಗಾದಿಗೆ ಮುಂಚೆಯೇ ಬಿಟ್ಟಿದ್ದೀಯ.

ಹಾಗಾಗಿ ನನ್ನ ಮಾತು: ಕೊಡು. ಯಡಿಯೂರಿನಲ್ಲಿ ಸಿಟ್ಟಿನಿಂದ ನೀನು ಹೇಳಿದ ತೀರ್ಮಾನಕ್ಕೇ ನಾನೂ ಬಂದಿದ್ದೇನೆ, ಕಾರಣ ಮಾತ್ರ ಬೇರೆ. ಕಾರಣ ಬೇರೆಯಾದರೆ ಮುಂದೆ ತಗೊಳ್ಳುವ ಕಾರೂ ಬೇರೆಯಾಗುತ್ತದೆ. ಸಿಟ್ಟಿನಿಂದ ಹೋದವನು ಹೊಳೆಯುವ ಎಸ್‌ಯುವಿಗೆ ಸಹಿ ಹಾಕಿ ಬರುತ್ತಾನೆ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಹದಿನೈದು ವರ್ಷ ದಾಟಿದ ಕಾರನ್ನು ಸರ್ಕಾರ ಎಳೆದುಕೊಂಡು ಹೋಗುತ್ತದೆ ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಹೆದರಿ ಮಾರಬೇಡ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಅನ್ನುವ ಕಟ್ಟುಪಾಡು ದೆಹಲಿ ಸುತ್ತಮುತ್ತಲಿನದು. ಇಲ್ಲಿ ಹದಿನೈದು ವರ್ಷಕ್ಕೆ ಆರ್‌ಸಿ ನವೀಕರಣ, ಆಮೇಲೆ ಐದೈದು ವರ್ಷಕ್ಕೊಮ್ಮೆ. ನಿನ್ನದು 2023ರಲ್ಲಿ ಆಗಿದೆ, 2028ರವರೆಗೆ ಚಿಂತೆಯಿಲ್ಲ. 2022ರಿಂದ ಆ ಶುಲ್ಕ ಕಾರಿಗೆ 5,000 ರೂಪಾಯಿ ಆಗಿದೆ, ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿನ ಬಗ್ಗೆ ಕೇಳಿದ್ದೆ. ಹಳೇ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳು ಸ್ವಲ್ಪ ಬೇಗ ಬದಲಾಯಿಸಬೇಕಾಗಬಹುದು, ಮೈಲೇಜು ಸ್ವಲ್ಪ ಇಳಿಯುತ್ತದೆ. ಅದೊಂದಕ್ಕೇ ಕಾರು ಮಾರುವಷ್ಟು ದೊಡ್ಡ ವಿಷಯವಲ್ಲ.

ಮುಂದಿನದು ಹೊಸದೇ ಆಗಬೇಕು ಅಂತ ಹಟ ಬೇಡ. ಎರಡು ಏರ್‌ಬ್ಯಾಗ್, ಎಬಿಎಸ್ ಎರಡೂ ಇರುವ, 2022 ಅಥವಾ ಆಮೇಲೆ ತಯಾರಾದ ಸೆಕೆಂಡ್ ಹ್ಯಾಂಡ್ ಕಾರು ಸಿಕ್ಕರೆ ನಿನಗೆ ಸಾಕು. ಮೊದಲ ವರ್ಷಗಳ ಬೆಲೆ ಇಳಿತವನ್ನು ಬೇರೆಯವರು ಹೊತ್ತಿರುತ್ತಾರೆ. ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ. ನೀನು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದರೆ ಯಾಕೆ ಅಂತ ಕೇಳು. ರ‍್ಯಾಂಪಿಗೆ ಹತ್ತಿಸಿ ಕೆಳಗೆ ನೋಡಿಸು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಕೊನೆಯಲ್ಲಿ ಕೆಸರಿನ ಕಲೆ ಇದೆಯೇ ನೋಡು, ಸೀಟಿನ ಹಳಿಗಳ ಸಂದಿಗೆ ಕೈ ಹಾಕಿ ನೋಡು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಎಷ್ಟು ಕಾರುಗಳು ನೀರಲ್ಲಿ ನಿಂತಿದ್ದವು ಅಂತ ಟಿವಿಯಲ್ಲಿ ನೀನೇ ತೋರಿಸಿದ್ದೆ. ನೀರು ಕುಡಿದ ಕಾರು ತೊಳೆದರೆ ಹೊಳೆಯುತ್ತದೆ, ವೈರಿಂಗಿನ ರೋಗ ನಿಧಾನವಾಗಿ ಹೊರಗೆ ಬರುತ್ತದೆ. ಒಂದು ವೈರಿಂಗ್ ರೋಗದಿಂದ ಬಿಡಿಸಿಕೊಂಡು ಇನ್ನೊಂದನ್ನು ಮನೆಗೆ ತರಬೇಡ.

ಕಾರೇ ಬೇಡ ಅನ್ನುವ ದಾರಿಯೂ ಇದೆ. ನಾನು ಬಸ್ಸಿನವನು, ಪಕ್ಷಪಾತ ಇರಬಹುದು. ಆರು ತಿಂಗಳು ಕಾರಿಲ್ಲದೆ ಇದ್ದು, ಊರೊಳಗೆ ಮೆಟ್ರೊ, ಊರಿಗೆ ರಾತ್ರಿ ಬಸ್ಸು, ಬೇಕಾದಾಗ ಟ್ಯಾಕ್ಸಿ ಅಂತ ನೋಡಿ, ಆ ಖರ್ಚನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆ. ಕೂಸಿನ ಜೊತೆ ಕಷ್ಟ ಅಂತ ಸೊಸೆ ಹೇಳಿದರೆ ಅವಳ ಮಾತೇ ಕೊನೆ. ಬ್ಯಾಗು ಹೊರುವವಳು ಅವಳು.

ಮಾರುವಾಗ ಎರಡು ಕಡೆ ಎಚ್ಚರ. ಕೊಳ್ಳುವವರಿಗೆ ಬಿಸಿಯಾದಾಗ ಆಫ್ ಆಗುತ್ತದೆ ಅನ್ನುವುದನ್ನು ಬಾಯಿಬಿಟ್ಟು ಹೇಳು. ಐದು ಸಾವಿರ ಕಡಿಮೆ ಬರಲಿ, ಇನ್ನೊಬ್ಬರ ಕೂಸನ್ನು ಘಾಟಿಯಲ್ಲಿ ನಿಲ್ಲಿಸುವುದು ಬೇಡ. ಊರೊಳಗೆ ಮಾತ್ರ ಓಡಿಸುವವರು, ಡ್ರೈವಿಂಗ್ ಕಲಿಯುವವರು ಸಿಕ್ಕರೆ ಅವರಿಗೆ ಅದು ಈಗಲೂ ಒಳ್ಳೆಯ ಕಾರು. ಇನ್ನೊಂದು, ಫಾರಂ 29, ಫಾರಂ 30ಕ್ಕೆ ಸಹಿ ಹಾಕಿಕೊಟ್ಟು ದುಡ್ಡು ಎಣಿಸಿಕೊಂಡು ಬಂದರೆ ಕೆಲಸ ಮುಗಿಯಲಿಲ್ಲ. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ಕಾರು ಕೈಯಿಂದ ಕೈಗೆ ಹಲವರಿಗೆ ಹೋಗಿತ್ತು, ಹೊಣೆ ಬಂದದ್ದು ಮೊದಲನೆಯವನಿಗೆ. ನೋ ಕ್ಲೈಮ್ ಬೋನಸ್ ಕಾರಿನದಲ್ಲ, ನಿನ್ನದು. ಇನ್ಶೂರೆನ್ಸ್ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಮುಂದಿನ ಕಾರಿಗೆ ಹಾಕಿಕೊಳ್ಳಬಹುದು. ಫಾಸ್ಟ್ಯಾಗ್ ಮುಚ್ಚಿಸು. ಯಾರೂ ಕೊಳ್ಳದಿದ್ದರೆ ಶಿವಾಜಿನಗರದ ಗುಜರಿಗೆ ಬಾಯಿಮಾತಲ್ಲಿ ಕೊಟ್ಟುಬಿಡಬೇಡ. ಸರ್ಕಾರದಲ್ಲಿ ನೋಂದಾಯಿಸಿದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ತಗೋ. ಅದನ್ನು ತೋರಿಸಿದರೆ ಹೊಸ ಕಾರಿನ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ.

ನಿನ್ನಪ್ಪನಿಗೆ ಆ ಕಾರಿನ ಮೇಲೆ ಮಮಕಾರ ಇದೆ, ಅದನ್ನು ನನಗೆ ಬಿಡು, ನಾನು ಮಾತಾಡುತ್ತೇನೆ. ಅವನು ಬೇಡ ಅನ್ನುವುದಿಲ್ಲ, ಮಾರುವ ಮುಂಚೆ ಒಂದು ಸಲ ಕೇಳಲಿ ಅಂತ ಕಾಯುತ್ತಿರುತ್ತಾನೆ ಅಷ್ಟೇ. ದಸರಾ-ದೀಪಾವಳಿ ಆಫರ್‌ಗಳಿಗೆ ಕಾಯಬೇಡ. ಮಳೆಗಾಲ ಶುರುವಾಗುವ ಮುಂಚೆ, ಮೇ ತಿಂಗಳೊಳಗೆ ಇದನ್ನು ಮುಗಿಸು. ಅಲ್ಲಿಯವರೆಗೆ ಸುರತ್ಕಲ್ಲಿಗೆ ಬಸ್ಸಿನಲ್ಲೇ ಹೋಗಿ ಬಾ. ಆರ್‌ಸಿಯಲ್ಲಿ ಹೆಸರು ಬದಲಾದ ದಿನ ಅದರ ಫೋಟೊ ನನಗೆ ಕಳಿಸು.